ಗಾಗಲ್ ಹಾಕ್ಕೊಂಡು ಮಾಡೋ ಬೆನ್ನಿನ ಆಪರೇಷನ್: ಅಪ್ಪಗ ಮಾಡಸಬೇಕೋ ಬ್ಯಾಡೋ?

ಬೆಟಗೇರಿ ಹುಡುಗ, ಗದಗ
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮಪ್ಪಗ 62 ವರ್ಷ, ಇಡೀ ಜನ್ಮ ಮಗ್ಗದಾಗ ಕುಂತಾಂವ. ಸೊಂಟದ ಹತ್ರ ಎಲ್4-ಎಲ್5 ಅನ್ನೋ ಕಡೆ ಬೆನ್ನೆಲುಬು ಮುಂದಕ್ಕ ಸರದೈತಿ, ಗ್ರೇಡ್ 1 (ಸ್ವಲ್ಪ ಸರದದ್ದು) ಅಂದ್ರು. ಸಂತಿಗೆ ಹೊಂಟರ ಅರ್ಧಾ ದಾರ್ಯಾಗ ಕಾಲು ಜೋಮು ಹಿಡಿತಾವು. ಯಾರದರ ಅಂಗಡಿ ಕಟ್ಟಿ ಮ್ಯಾಲೆ ಮುಂದಕ್ಕ ಬಗ್ಗಿ ಕುಂತ ಮ್ಯಾಲೆನ ಮತ್ತ ಹೆಜ್ಜಿ ಇಡೋದು. ಗುಳಿಗಿ, ಫಿಜಿಯೋಥೆರಪಿ, ಇಂಜೆಕ್ಷನ್ ಎಲ್ಲಾ ಮುಗದಾವು. ಹುಬ್ಬಳ್ಳಿ ಡಾಕ್ಟರ್ ಸಿ-ಆರ್ಮ್ (ಆಪರೇಷನ್ ನಡದಾಗನ ಎಕ್ಸ್-ರೇ ತೋರಸೋ ಮಷೀನ್) ನೋಡಿ ಎಲುಬಿಗೆ ಸ್ಕ್ರೂ ಕೂಡಸ್ತೇನಿ ಅಂತಾರ. ಬೆಂಗಳೂರಿನ ಒಂದು ದವಾಖಾನ್ಯಾಗ, ಸರ್ಜನ್ ಮಿಕ್ಸೆಡ್ ರಿಯಾಲಿಟಿ ಗಾಗಲ್ ಹಾಕ್ಕೊಂಡು ಸಣ್ಣ ತೂತಿನ್ಯಾಗ ಮಾಡ್ತಾರ, ಚರ್ಮದೊಳಗಿನ ಎಲುಬು ಹೊರಗಿಂದನ ಕಾಣತೈತಿ ಅಂದ್ರು. ನಮ್ಮವ್ವ ಕೇಳ್ತಾಳ, "ಕಣ್ಣಿಗೆ ಏನೋ ಕಟಗೊಂಡು ಬೆನ್ನು ಕೊಯ್ತಾರೇನು?" ಗೊತ್ತಿದ್ದಾವ್ರು ಹೇಳ್ರಿ.

ಓಟಿ ಟೆಕ್ನಿಷಿಯನ್, ಹುಬ್ಬಳ್ಳಿ
ತಮ್ಮಾ, ನಾ ಸಿ-ಆರ್ಮ್ ನಡಸಾಂವ. ಅವ್ವಗ ಹೇಳು, ಆ ಗಾಗಲ್ ಕಣ್ಣು ಮುಚ್ಚೂದಿಲ್ಲ. ಗಾಜಿನ ಆಚೆ ಪೇಷಂಟ್ ಕಾಣತಾನ, ಅವನ ಮ್ಯಾಲೆ ಎಲುಬಿನ ಚಿತ್ರ ಬೀಳತೈತಿ, ಅಷ್ಟ. ಖರೆ "ಚರ್ಮದೊಳಗ ಕಾಣತೈತಿ" ಅನ್ನೂದು ಮಾರಾವ್ರ ಮಾತು. ಗಾಗಲ್ ಒಳಗ ಏನೂ ನೋಡೂದಿಲ್ಲ. ತಗದ ಸಿಟಿ ಸ್ಕ್ಯಾನ್ ಚಿತ್ರಾನ ಮೈಮ್ಯಾಲೆ ತಂದು ಕೂಡಸತೈತಿ.

ಈಗ ನಮ್ಮಲ್ಲೆ ಹೆಂಗ ನಡೀತೈತಿ ಅಂದ್ರ, ಡಾಕ್ಟರ್ ಕೈ ಬೆನ್ನಿನ ಮ್ಯಾಲೆ, ಕಣ್ಣು ಮೂಲ್ಯಾಗಿನ ಮಾನಿಟರ್ ಮ್ಯಾಲೆ. "ಎಪಿ (ನೆಟ್ಟಗಿನ ಚಿತ್ರ) ಕೊಡು, ಲ್ಯಾಟರಲ್ (ಮಗ್ಗಲಿನ ಚಿತ್ರ) ಕೊಡು" ಅಂತ ಕೂಗಿದಾಗೊಮ್ಮೆ ನಾ ಸೀಸದ ಏಪ್ರನ್ ಹಾಕ್ಕೊಂಡು ಎಕ್ಸ್-ರೇ ಹೊಡಿಬೇಕು. ಸ್ಕ್ರೂ ಹೋಗೋ ಪೆಡಿಕಲ್ ಅಂಬೋದು ಎಲುಬಿನ ಸಣ್ಣ ಕುತ್ತಿಗಿ, ಅದರ ಒಳಮಗ್ಗಲನ ನರ. ಬೆನ್ನು ಪೂರ್ತಿ ತಗದ್ರ ಎಲುಬು ಕಣ್ಣಿಗೆ ಬೀಳತೈತಿ, ಸಣ್ಣ ತೂತಿನ್ಯಾಗ ಕಾಣೂದಿಲ್ಲ. ಹಿಂಗಾಗಿ ಚಿತ್ರದ ಮ್ಯಾಲೆ ಎಲ್ಲಾ ನಿಂತೈತಿ. ಗಾಗಲ್ಲಿನ ಲಾಭ ಏನಂದ್ರ ಕುತ್ತಿಗಿ ಹೊಳ್ಳಸೂದು ತಪ್ಪತೈತಿ, ಎಕ್ಸ್-ರೇನೂ ಕಡಿಮಿ ಆಗತೈತಿ.

ತೊಡಕು ಇರೋದು ಚಿತ್ರ ಎಲುಬಿಗೆ ಸರಿಯಾಗಿ ಕೂಡೋದ್ರಾಗ. ಎಲುಬಿಗೆ ಒಂದು ಮಾರ್ಕರ್ ಕಚ್ಚಸ್ತಾರ, ಕ್ಯಾಮೆರಾ ಅದನ್ನ ನೋಡಿಕೋತ ಇರತೈತಿ. ಯಾರದರ ಮೊಣಕೈ ತಗಲಿ ಮಾರ್ಕರ್ ಅಲಗಾಡಿದ್ರ ಚಿತ್ರ ಸರೀತೈತಿ, ಗಾಗಲ್ಲಿಗೆ ಅದು ಗೊತ್ತಾಗೂದಿಲ್ಲ. ಮಗ್ಗದಾಗ ಹೂವು ಮೂಡಸೋ ಜಕಾರ್ಡ್ ಕಾರ್ಡ್ ಛಲೋ ಇದ್ರೂ ಹಾಸಿನ ಎಳಿ ಸರದಿದ್ರ ಹೂವು ತಪ್ಪಿ ಬೀಳತೈತಲ್ಲ, ನಿಮ್ಮಪ್ಪಗ ಹಂಗ ಹೇಳು. ಇನ್ನೊಂದು, ಮೊದಲ ತಗಿಯೋ ಸಿಟಿ ಅಂಗಾತ ಮಲಗಿಸಿ ತಗೀತಾರ, ಆಪರೇಷನ್ ಬೋರಲ ಮಲಗಿಸಿ ಮಾಡ್ತಾರ. ಎಲುಬಿನ ಜೋಡಣಿ ಬದಲಾಗತೈತಿ. ಅದಕ್ಕ ಸಿಟಿ ಆಪರೇಷನ್ ಟೇಬಲ್ ಮ್ಯಾಲೇ ತಗೀತಾರೋ ಇಲ್ಲೋ ಕೇಳು. ಸಿ-ಆರ್ಮ್ ಬಾಜೂಕ ಇರಬೇಕು, ಸ್ಕ್ರೂ ಕುಂತ ಮ್ಯಾಲೆ ಅದರಾಗ ನೋಡಬೇಕು.

ಯಾವ ಗಾಗಲ್ ಅಂತನೂ ಕೇಳು. ಬೆಂಗಳೂರಿನ ಒಂದು ಡೆಮೋದಾಗ ಹೋಲೋಲೆನ್ಸ್ 2 ಹಾಕಿ ನೋಡೇನಿ. ಅರ್ಧ ಕೇಜಿ ಮ್ಯಾಲೆ ತೂಕ, ಹಣಿ ಮ್ಯಾಲೆ ಗುರುತು ಬಿತ್ತು. ಅದರ ಚಿತ್ರ ಸುಮಾರು 2 ಮೀಟರ್ ದೂರದಾಗ ಫೋಕಸ್ ಆಗತೈತಿ, ಸರ್ಜನ್ ಕೈ ಅದಕ್ಕಿಂತ ಭಾಳ ಹತ್ರ. ಎರಡೂ ಒಮ್ಮೆಲೆ ಚೊಕ್ಕ ಕಾಣೂದಿಲ್ಲ. ಮೈಕ್ರೋಸಾಫ್ಟ್ 2024ರಾಗ ಅದನ್ನ ಮಾಡೋದು ನಿಲ್ಲಿಸಿತು. ಬೆನ್ನಿನ ಸಲುವಾಗೇ ಮಾಡಿದ್ದು ಆಗ್ಮೆಡಿಕ್ಸ್‌ನ ಎಕ್ಸ್‌ವಿಷನ್. ಅದಕ್ಕ 2019ರ ಡಿಸೆಂಬರ್‌ನ್ಯಾಗ ಅಮೆರಿಕದ ಔಷಧ-ಉಪಕರಣ ಪರೀಕ್ಷಿಸೋ ಸಂಸ್ಥೆ ಎಫ್‌ಡಿಎ ಒಪ್ಪಿಗಿ ಸಿಕ್ಕು, 2020ರಾಗ ಅಲ್ಲಿನ ದವಾಖಾನಿ ಜಾನ್ಸ್ ಹಾಪ್ಕಿನ್ಸ್‌ದಾಗ ಬಳಸಿದ್ರು.

ಆರ್ಥೋ ಪಿಜಿ, ಧಾರವಾಡ
ಅಣ್ಣಾರು ಹೇಳಿದ್ದು ಖರೇನ, ಆದ್ರ ಗಾಗಲ್ ಮ್ಯಾಲೆ ಸ್ವಲ್ಪ ಸಿಟ್ಟು ಜಾಸ್ತಿ ಆತು ಅನಸ್ತದ! ಬೆನ್ನು ಸೊಟ್ಟಾಗಿ ಎಲುಬು ತಿರುಚಿದ್ದ ಕೇಸಿನ್ಯಾಗ, ಹಳೇ ಆಪರೇಷನ್ ಆಗಿ ಗುರುತೆಲ್ಲಾ ಅಳಿಸಿದ್ದಲ್ಲೆ ಇಂಥಾ ನ್ಯಾವಿಗೇಷನ್ (ಚಿತ್ರ ನೋಡಿ ಸ್ಕ್ರೂದ ದಾರಿ ಹಿಡಿಯೋದು) ಭಾಳ ಉಪಯೋಗ ಅದ. ನಿಮ್ಮಪ್ಪಾರದು ಎಲ್4-ಎಲ್5, ಗ್ರೇಡ್ 1. ಅಲ್ಲೆ ಪೆಡಿಕಲ್ ಸಾಮಾನ್ಯವಾಗಿ ದಪ್ಪ ಇರತದ, ಕೈ ಪಳಗಿದ ಸರ್ಜನ್ ಸಿ-ಆರ್ಮ್ ಮ್ಯಾಲೆ ಛಲೋ ಮಾಡ್ತಾರ. ನಾನಾಗಿದ್ರ ಗಾಗಲ್ ನೋಡಿ ಊರು ಬದಲಸ್ತಿರಲಿಲ್ಲ. ಒಂದು ಮಾತ್ರ ಲಕ್ಷ್ಯ ಇರಲಿ: ಮೂತ್ರ ಹಿಡಿತ ತಪ್ಪಿದ್ರ, ಕೂಡೋ ಜಾಗಾ ಮರಗಟ್ಟಿದ್ರ, ಪಾದ ಎತ್ತಾಕ ಬರದಂಗಾದ್ರ ಡೇಟ್ ಕಾಯಬ್ಯಾಡ್ರಿ, ಅವತ್ತ ದವಾಖಾನಿಗೆ ಹೋಗ್ರಿ.

ರಾಣೆಬೆನ್ನೂರಿನ ಅಕ್ಕ
ನಂದು ಇದ ಆಪರೇಷನ್ ಸಿ-ಆರ್ಮ್ ಮ್ಯಾಲೇ ಆಗೇತಿ. ಮರುದಿನನ ಎಬ್ಬಿಸಿ ನಡಸಿದ್ರು. ಕಷ್ಟ ಅನ್ನಿಸಿದ್ದು ಆಮ್ಯಾಲೆ: ಬಗ್ಗಂಗಿಲ್ಲ, ಕೊಡ ಎತ್ತಂಗಿಲ್ಲ, ಹೊಲಿಗಿ ತಗಸಾಕ ಮತ್ತ ಹೋಗಬೇಕು. ಬೆಂಗಳೂರಿಂದ ಬೆಲ್ಟ್ ಕಟಗೊಂಡು ಗದಗಕ್ಕ ಕುಂತು ಬರೋದು ವಿಚಾರ ಮಾಡ್ರಿ. ಬಿಪಿಎಲ್ ಕಾರ್ಡ್ ಇದ್ರ ಸರಕಾರದ ಆರೋಗ್ಯ ಕರ್ನಾಟಕ ಯೋಜನ್ಯಾಗ ಎಷ್ಟು ಆಗತೈತಿ, ಗಾಗಲ್ಲಿಗೆ ಬ್ಯಾರೆ ರೊಕ್ಕ ಕೇಳ್ತಾರೇನು ಅಂತ ಮೊದಲ ಬರಿಸಿಕೊಳ್ರಿ.

ಬೆಟಗೇರಿ ಹುಡುಗ, ಗದಗ
ಫೋನ್ ಹಚ್ಚಿದ್ದೆ. ಸಿಟಿ ಟೇಬಲ್ ಮ್ಯಾಲೇ ತಗೀತಾರಂತ, ಸಿ-ಆರ್ಮೂ ಇರತೈತಂತ. ಆ ಡಾಕ್ಟರ್ ಗಾಗಲ್ ಹಾಕ್ಕೊಂಡು ಎಷ್ಟು ಕೇಸ್ ಮಾಡ್ಯಾರ ಅಂದದ್ದಕ್ಕ ಕೌಂಟರಿನ್ಯಾಗ ಉತ್ತರ ಸಿಗಲಿಲ್ಲ. ಡಾಕ್ಟರ್ ಜೋಡಿನ ಮಾತಾಡಸ್ರಿ ಅಂದೇನಿ. ಹುಬ್ಬಳ್ಳಿ ಡೇಟ್ ಹಂಗ ಇಟಗೊಂಡೇನಿ.