ಸಹಾಯ ಬೇಕು: ಆಟಿಸಂ ಅನುಮಾನ, 28 ತಿಂಗಳ ಮಗನನ್ನು ಮೊದಲು ಎಲ್ಲಿ ತೋರಿಸಲಿ?

ನಮಸ್ಕಾರ, ನಾವು ಜಮಖಂಡಿಯವರು. ಮಗ ಹೆಸರು ಹಿಡಿದು ಕರೆದರೆ ತಿರುಗಲ್ಲ, ಆದರೆ ಮಿಕ್ಸರ್ ಶುರುವಾದರೆ ಸಾಕು, ಕಿವಿ ಮುಚ್ಚಿಕೊಂಡು ಪಡಸಾಲೆಗೆ ಓಡುತ್ತಾನೆ. ಆಟಿಕೆ ಟ್ರ್ಯಾಕ್ಟರ್ ಬೋರಲು ಹಾಕಿ ಗಾಲಿ ತಿರುಗಿಸುತ್ತಾ ಅರ್ಧ ಗಂಟೆ ಕೂರುತ್ತಾನೆ. ಬೇಕಾದ್ದನ್ನು ಬೆರಳು ಮಾಡಿ ತೋರಿಸಲ್ಲ, ನನ್ನ ಕೈ ಹಿಡಿದು ಎಳೆಯುತ್ತಾನೆ.

ಕಿವಿ ಪರೀಕ್ಷೆ ಮಾಡಿಸಿದೆವು, ಸರಿ ಇದೆ. "ಅವರಪ್ಪನೂ ಮೂರು ವರ್ಷಕ್ಕ ಮಾತಾಡ್ಯಾನ, ಸುಮ್ನಿರು" ಅಂತಾರೆ ಅತ್ತೆ. ಡಾಕ್ಟರೂ ಕಾಯಿರಿ ಎಂದರು. ನನ್ನ ಮನಸ್ಸು ಒಪ್ಪುತ್ತಿಲ್ಲ. ಆಟಿಸಂ (ಮಾತು, ಬೆರೆಯುವಿಕೆ ಬೇರೆ ರೀತಿ ಬೆಳೆಯುವ ಸ್ಥಿತಿ) ಇರಬಹುದಾ ಎಂದು ಮೊದಲ ಹಂತದಲ್ಲಿ ನೋಡುವ ಎಂ-ಚಾಟ್ ಪ್ರಶ್ನೆಗಳು 16ರಿಂದ 30 ತಿಂಗಳ ಮಕ್ಕಳಿಗಂತೆ, ನಮಗೆ ಉಳಿದಿರುವುದು ಎರಡೇ ತಿಂಗಳು ಅಲ್ವಾ?

ಈ ದಾರಿಯಲ್ಲಿ ಹೋದವರು ಹೇಳಿ: ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ (ಮಕ್ಕಳ ಬೆಳವಣಿಗೆ ತೊಂದರೆಗೆ ಬೇಗ ನೆರವು ಕೊಡುವ ಕೇಂದ್ರ) ಡಾಕ್ಟರ್ ಚೀಟಿ ಇಲ್ಲದೆ ನೇರ ಹೋಗಬಹುದಾ, ಇಲ್ಲ ಮೊದಲೇ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಬೇಕಾ?