ಬೆಂಗಳೂರಿನ ನಕ್ಷೆ ಮಂಜೂರಾತಿಯ ತಿಂಗಳ ಲೆಕ್ಕಕ್ಕೂ ಅಂಗಡಿಯ ಮಾರಾಟಕ್ಕೂ ತಾಳೆಯಾಗುವುದಿಲ್ಲವೇಕೆ?

ಪ್ರಶ್ನೆ – ‘ಕೆಂಗೇರಿ ಅಂಗಡಿ’

ಎಲ್ಲರಿಗೂ ನಮಸ್ಕಾರ. ಕೆಂಗೇರಿಯ ಬಳಿ ನಮ್ಮದೊಂದು ಸಿಮೆಂಟು ಮತ್ತು ಕಬ್ಬಿಣದ ಅಂಗಡಿಯಿದೆ. ಯಾವ ತಿಂಗಳಿಗೆ ಎಷ್ಟು ಸರಕು ತರಿಸಬೇಕೆಂಬುದನ್ನು ನಮ್ಮ ತಂದೆಯವರು ಅಂದಾಜಿನ ಮೇಲೆಯೇ ನಿರ್ಧರಿಸುತ್ತಿದ್ದರು. ಅವರ ಅಂದಾಜು ತಪ್ಪುತ್ತಿದ್ದುದು ಕಡಿಮೆ. ವಾಣಿಜ್ಯ ಓದಿದ ನಾನು ಇದಕ್ಕೊಂದು ಲೆಕ್ಕದ ಆಧಾರ ಹುಡುಕೋಣವೆಂದು, ನಮ್ಮ ಭಾಗದಲ್ಲಿ 2023ರಿಂದ 2025ರ ಕೊನೆಯವರೆಗೆ ತಿಂಗಳುವಾರು ಮಂಜೂರಾದ ಕಟ್ಟಡ ನಕ್ಷೆಗಳ ಸಂಖ್ಯೆಯನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆದುಕೊಂಡೆ. ಆ ಸಂಖ್ಯೆಗಳನ್ನೂ ನಮ್ಮ ಅಂಗಡಿಯ ಬಿಲ್ಲುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದಕ್ಕೊಂದು ಸಂಬಂಧವೇ ಕಾಣುವುದಿಲ್ಲ. ಮಂಜೂರಾತಿ ಒಮ್ಮೆಲೇ ಏರಿದ ತಿಂಗಳಲ್ಲಾಗಲಿ, ಅದರ ಮುಂದಿನ ಎರಡು ತಿಂಗಳಲ್ಲಾಗಲಿ ಮಾರಾಟ ಏರಿಲ್ಲ. ಮಂಜೂರಾತಿ ತೀರಾ ಕುಸಿದ ತಿಂಗಳಲ್ಲಿ ಲಾರಿಯಿಂದ ಇಳಿಸಿದ ಸರಕು ಅಂಗಡಿಯಲ್ಲಿ ನಿಂತದ್ದೇ ಇಲ್ಲ.

ಆಗಸ್ಟ್ ತಿಂಗಳದ್ದಂತೂ ಮೂರು ವರ್ಷವೂ ಮೂರು ಬಗೆ. ನಾನು ಲೆಕ್ಕ ಹಾಕುವ ರೀತಿಯಲ್ಲಿ ತಪ್ಪಿದೆಯೇ, ಅಥವಾ ಈ ಅಂಕಿಗಳೇ ನನ್ನ ಕೆಲಸಕ್ಕೆ ಬಾರದವೇ? ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ – ‘ನಿವೃತ್ತ ಎಂಜಿನಿಯರ್’

ನಗರ ಯೋಜನೆಯ ಕಡತಗಳ ನಡುವೆ ಬಹಳ ವರ್ಷ ಕಳೆದವನಾದ್ದರಿಂದ ಅಂಕಿಗಳ ಹುಟ್ಟಿನ ಬಗ್ಗೆ ಮಾತ್ರ ಹೇಳುತ್ತೇನೆ. ತಮ್ಮ ಕೈಯಲ್ಲಿರುವುದು ಕಡತವು ಮೇಜಿನಿಂದ ಹೊರಬಿದ್ದ ದಿನಾಂಕಗಳ ಲೆಕ್ಕ. ಮನೆ ಕಟ್ಟಬೇಕೆಂದು ಒಬ್ಬರು ಮನಸ್ಸು ಮಾಡಿದ ದಿನಕ್ಕೂ, ಅರ್ಜಿ ಸಲ್ಲಿಸಿದ ದಿನಕ್ಕೂ, ಶುಲ್ಕ ಕಟ್ಟಿದ ದಿನಕ್ಕೂ, ನಕ್ಷೆ ಕೈಗೆ ಬಂದ ದಿನಕ್ಕೂ, ಗುದ್ದಲಿ ಪೂಜೆಯ ದಿನಕ್ಕೂ ನಡುವಿನ ಅಂತರ ಪ್ರತಿ ಕಡತಕ್ಕೂ ಬೇರೆ ಬೇರೆ. ಸಿಬ್ಬಂದಿಯನ್ನು ಚುನಾವಣೆಗೆ ಕಳುಹಿಸಿದರೆ ಕಡತ ನಿಲ್ಲುತ್ತದೆ, ಅವರು ಮರಳಿದ ಮೇಲೆ ಬಾಕಿಯೆಲ್ಲ ಒಟ್ಟಿಗೆ ಹೊರಬರುತ್ತದೆ. 2023ರ ಮೇ 10ರಂದು ವಿಧಾನಸಭೆಗೆ, 2024ರ ಏಪ್ರಿಲ್ 26ರಂದು ಲೋಕಸಭೆಗೆ ಇಲ್ಲಿ ಮತದಾನ ನಡೆಯಿತು. ಆ ದಿನಗಳ ಹಿಂದುಮುಂದಿನ ತಿಂಗಳುಗಳನ್ನು ತಮ್ಮ ಪಟ್ಟಿಯಲ್ಲಿ ಒಮ್ಮೆ ನೋಡಿ. 2025ರ ಅಕ್ಟೋಬರಿನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ನಗರದ ನೌಕರರನ್ನು ನಿಯೋಜಿಸಿದ್ದೂ ಇಂಥದೇ ಸಂಗತಿ. ಮಾರ್ಚಿನ ಏರಿಕೆಗೆ ಆರ್ಥಿಕ ವರ್ಷದ ಕೊನೆಯಲ್ಲಿ ಶುಲ್ಕ ವಸೂಲಿಯ ಗುರಿ ಮುಟ್ಟಿಸುವ ಆತುರವೇ ಬಹುಮಟ್ಟಿಗೆ ಕಾರಣವೆಂದು ನನ್ನ ಅನುಭವ.

ಎರಡನೆಯದಾಗಿ, ‘ಮಂಜೂರಾತಿ’ ಎಂಬ ಪದದ ಅರ್ಥವೇ ಈ ಅವಧಿಯ ನಡುವೆ ಬದಲಾಗಿದೆ. 2024ರಲ್ಲಿ ಬಂದ ‘ನಂಬಿಕೆ ನಕ್ಷೆ’ ಯೋಜನೆಯಡಿ 50x80 ಅಡಿಯವರೆಗಿನ ನಿವೇಶನದ ವಾಸದ ಕಟ್ಟಡಗಳಿಗೆ ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಆನ್‌ಲೈನಿನಲ್ಲಿ ನಕ್ಷೆ ಸಲ್ಲಿಸಿದರೆ ತಾತ್ಕಾಲಿಕ ಅನುಮತಿ ಮೊದಲು ಸಿಗುತ್ತದೆ, ಪರಿಶೀಲನೆ ಅನಂತರ ನಡೆಯುತ್ತದೆ. ಅದಕ್ಕೆ ಮುಂಚೆ ಪರಿಶೀಲನೆ ಮುಗಿದ ಮೇಲೆ ಬಂದ ಅನುಮತಿಯೂ ಈಗಿನ ತಾತ್ಕಾಲಿಕ ಅನುಮತಿಯೂ ಒಂದೇ ಕಾಲಂನಲ್ಲಿ ಕುಳಿತಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಇನ್ನು ದೊಡ್ಡ ಕಟ್ಟಡಗಳ ದಾರಿಯೇ ಬೇರೆ. ಅಗ್ನಿಶಾಮಕ, ಜಲಮಂಡಳಿ, ವಿದ್ಯುತ್, ವಿಮಾನ ನಿಲ್ದಾಣ ಪ್ರಾಧಿಕಾರ ಮುಂತಾದವರ ನಿರಾಕ್ಷೇಪಣಾ ಪತ್ರಗಳು ಬೇಕು. 20,000 ಚದರ ಮೀಟರ್‌ಗಿಂತ ಹೆಚ್ಚಿನ ನಿರ್ಮಿತ ವಿಸ್ತೀರ್ಣವಾದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕು. ಅಂಥ ಒಂದು ಕಡತದ ಹೊರೆ ನೂರು ಮನೆಗಳಷ್ಟಿದ್ದರೂ ತಮ್ಮ ಪಟ್ಟಿಯಲ್ಲಿ ಅದೂ ‘ಒಂದು’.

ಅನುಮತಿ ಬಂದ ಮೇಲೂ ಕೆಲಸ ಆರಂಭಿಸಲು ಎರಡು ವರ್ಷ ಕಾಲಾವಕಾಶವಿದೆ. ನಿವೇಶನ ಮಾರುವ ಮುನ್ನ ಬೆಲೆ ಬರಲೆಂದೋ, ಬ್ಯಾಂಕ್ ಸಾಲಕ್ಕೆ ತೋರಿಸಲೆಂದೋ ನಕ್ಷೆ ಮಾಡಿಸಿಟ್ಟುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಉತ್ತರ – ‘ಹನ್ನೆರಡು ಚದರ’

ಮೇಲಿನವರು ಕಚೇರಿಯ ಕಡೆಯಿಂದ ಹೇಳಿದ್ದಾರೆ, ಮನೆ ಕಟ್ಟಿಸಿಕೊಡುವವನಾಗಿ ನಾನು ನಿವೇಶನದ ಕಡೆಯಿಂದ ಹೇಳುತ್ತೇನೆ. ಆಗಸ್ಟ್ ಏಕೆ ಮೂರು ಬಗೆಯಾಯಿತೆಂಬುದಕ್ಕೆ ಉತ್ತರ ಅಂಗಡಿಯ ಗೋಡೆಯ ಮೇಲಿರುವ ಪಂಚಾಂಗದ ಕ್ಯಾಲೆಂಡರಿನಲ್ಲೇ ಇದೆ. 2023ರಲ್ಲಿ ಆಷಾಢವು ಜುಲೈ 17ಕ್ಕೆ ಮುಗಿದರೂ ಮರುದಿನದಿಂದ ಅಧಿಕ ಶ್ರಾವಣ ಬಂದು ಆಗಸ್ಟ್ 16ರವರೆಗೆ ನಡೆಯಿತು. ಅಂದರೆ ಸುಮಾರು ಎರಡು ತಿಂಗಳು ಯಾರೂ ಪಾಯ ತೋಡಲು ಒಪ್ಪಲಿಲ್ಲ. 2024ರಲ್ಲಿ ಶ್ರಾವಣ ಆರಂಭವಾದದ್ದು ಆಗಸ್ಟ್ 5ರಂದು. 2025ರಲ್ಲಿ ಜುಲೈ 25ರಂದೇ. ಒಂದೇ ಆಗಸ್ಟ್ ಮೊದಲ ವರ್ಷ ಅರ್ಧ ತಿಂಗಳು ಸತ್ತಿತ್ತು, ಮೂರನೆಯ ವರ್ಷ ಮೊದಲ ದಿನದಿಂದಲೇ ಬದುಕಿತ್ತು. ಇಂಗ್ಲಿಷ್ ತಿಂಗಳಿಗೆ ಇಂಗ್ಲಿಷ್ ತಿಂಗಳನ್ನು ಹೋಲಿಸಿದರೆ ಇದು ಕಾಣುವುದಿಲ್ಲ. 2024ರ ಮೇ ಮತ್ತು ಜೂನ್ ತಿಂಗಳುಗಳನ್ನೂ ನೋಡಿ, ಗುರು ಶುಕ್ರರ ಅಸ್ತವೆಂದು ಬಹಳ ಕಡೆ ಮದುವೆಗಳೇ ನಿಂತಿದ್ದವು. ನನ್ನ ಇಬ್ಬರು ಗಿರಾಕಿಗಳು ನಕ್ಷೆ ಕೈಯಲ್ಲಿಟ್ಟುಕೊಂಡು ಶ್ರಾವಣದವರೆಗೆ ಕಾದರು. ಧನುರ್ಮಾಸವೂ ಪಿತೃಪಕ್ಷವೂ ಹೀಗೆಯೇ. ಇದನ್ನು ನಂಬುವುದು ಬಿಡುವುದು ಬೇರೆ ಮಾತು, ಹಣ ಕೊಡುವವರು ನಂಬುತ್ತಾರೆ.

ಆದರೆ ಇದೆಲ್ಲ ಕೆಲಸದ ಆರಂಭಕ್ಕೆ ಮಾತ್ರ ಅನ್ವಯಿಸುತ್ತದೆ. ಒಮ್ಮೆ ಪಾಯ ತೆಗೆದ ಮೇಲೆ ಆಷಾಢದಲ್ಲೂ ಮೋಲ್ಡ್ ಹಾಕುತ್ತೇವೆ, ಗಾರೆ ಕೆಲಸ ಯಾವ ಮುಹೂರ್ತಕ್ಕೂ ಕಾಯುವುದಿಲ್ಲ. ತಮ್ಮ ಅಂಗಡಿಯಲ್ಲಿ ಮಾರಾಟ ನಿಲ್ಲದಿರುವುದು ಇದರಿಂದಲೇ. ನಾವು ಇಟ್ಟುಕೊಂಡಿರುವ ಅಂದಾಜಿನಂತೆ ಒಂದು ಚದರಕ್ಕೆ, ಅಂದರೆ ನೂರು ಚದರಡಿಗೆ, ಸುಮಾರು 40 ಚೀಲ ಸಿಮೆಂಟು ಮತ್ತು 350ರಿಂದ 400 ಕಿಲೋ ಕಬ್ಬಿಣ ಬೇಕು. 30x40 ನಿವೇಶನದಲ್ಲಿ ನೆಲಮಹಡಿಯ ಮೇಲೆ ಎರಡು ಅಂತಸ್ತು ಸೇರಿ 25 ಚದರ ಕಟ್ಟಿದರೆ ಸಾವಿರ ಚೀಲ ಮತ್ತು ಒಂಬತ್ತು ಹತ್ತು ಟನ್ನು ಕಬ್ಬಿಣ. ಕಬ್ಬಿಣವೆಲ್ಲ ಪಾಯ, ಕಂಬ, ಮೋಲ್ಡ್‌ಗಳಿಗೆ ಹೋಗುವುದರಿಂದ ಮೊದಲ ಐದಾರು ತಿಂಗಳಲ್ಲೇ ಖರ್ಚಾಗುತ್ತದೆ. ಸಿಮೆಂಟು ಮಾತ್ರ ಪ್ಲಾಸ್ಟರಿಂಗ್ ಮತ್ತು ಟೈಲ್ಸ್ ಮುಗಿಯುವವರೆಗೆ, ಹತ್ತು ಹನ್ನೆರಡು ತಿಂಗಳು, ಹರಿಯುತ್ತಲೇ ಇರುತ್ತದೆ. ಆದ್ದರಿಂದ ಮಂಜೂರಾತಿಯೊಂದಿಗೆ ಏನನ್ನಾದರೂ ತಾಳೆ ನೋಡುವುದಿದ್ದರೆ ಕಬ್ಬಿಣದ ಬಿಲ್ಲನ್ನು ನೋಡಿ, ಸಿಮೆಂಟನ್ನು ಬಿಡಿ.

ಮಳೆಯ ಬಗ್ಗೆಯೂ ಒಂದು ಮಾತು. ದೇಶದ ಬೇರೆಡೆ ಜೂನ್, ಜುಲೈ ಎಂದರೆ ಕೆಲಸ ಕುಂಟುತ್ತದೆ. ನಮ್ಮಲ್ಲಿ ಆ ತಿಂಗಳುಗಳು ಜಿಟಿಜಿಟಿ ಮಳೆಯವು, ನಿಜವಾಗಿ ಪಾಯದಲ್ಲಿ ನೀರು ನಿಲ್ಲುವುದು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ. ಆದರೂ ಜೂನ್‌ನಲ್ಲಿ ಕೆಲಸ ನಿಧಾನವಾಗುತ್ತದೆ, ಏಕೆಂದರೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಆಳುಗಳು ಬಿತ್ತನೆಗೆ ಊರಿಗೆ ಹೊರಡುತ್ತಾರೆ. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಕಟ್ಟಡಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದಾಗ ಕ್ಯೂರಿಂಗ್‌ಗೆ ನೀರು ಹೊಂದಿಸುವುದರಲ್ಲೇ ನಮ್ಮ ದಿನಗಳು ಕಳೆದವು. ಆ ತಿಂಗಳ ಮಂಜೂರಾತಿ ಪಟ್ಟಿಯಲ್ಲಿ ಅದರ ಸುಳಿವು ಸಿಗಲಾರದು.

ಕೊನೆಯದಾಗಿ, ತಾವು ಹೇಳುವ ಕೆಂಗೇರಿ ಸುತ್ತಮುತ್ತ ಬಿ ಖಾತಾ ನಿವೇಶನಗಳು, ಅಂದರೆ ನಿಯಮಬದ್ಧವಲ್ಲವೆಂದು ಪ್ರತ್ಯೇಕ ವಹಿಯಲ್ಲಿ ದಾಖಲಾದವು, ಎಷ್ಟಿವೆಯೆಂದು ತಮಗೇ ಗೊತ್ತು. ಅವುಗಳಿಗೆ ನಕ್ಷೆ ಮಂಜೂರಾತಿ ಸಿಗುತ್ತಿರಲಿಲ್ಲ, ಮನೆಗಳು ಮಾತ್ರ ಏಳುತ್ತಲೇ ಇದ್ದವು. ಆ ಮನೆಗಳ ಸಿಮೆಂಟು ತಮ್ಮ ಬಿಲ್ಲಿನಲ್ಲಿದೆ, ಅವುಗಳ ನಕ್ಷೆ ತಮ್ಮ ಪಟ್ಟಿಯಲ್ಲಿಲ್ಲ.

ಉತ್ತರ – ‘ಸರಾಸರಿ’

ಸಂಖ್ಯಾಶಾಸ್ತ್ರ ಬೋಧಿಸುವವನಾಗಿ ಇಬ್ಬರ ಮಾತಿಗೂ ಸೇರಿಸಬೇಕಾದದ್ದು ಇಷ್ಟು. ಅನುಮತಿ ಮತ್ತು ಆರಂಭ ಒಂದೇ ಅಲ್ಲವೆಂಬ ತೊಡಕು ಹಳೆಯದು. ಪ್ರೊ. ಅಮಿತಾಭ್ ಕುಂಡು ಅವರ ಅಧ್ಯಕ್ಷತೆಯಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ್ದ ತಾಂತ್ರಿಕ ಸಲಹಾ ತಂಡವು ವಸತಿ ನಿರ್ಮಾಣ ಆರಂಭದ ಸೂಚ್ಯಂಕವೊಂದನ್ನು ರೂಪಿಸುವ ಬಗ್ಗೆ 2009ರಲ್ಲಿ ವರದಿ ನೀಡಿತು. ಪಡೆದ ಅನುಮತಿಗಳಲ್ಲಿ ಎಷ್ಟು ಪಾಲು ಎಷ್ಟು ಕಾಲದ ಮೇಲೆ ನಿಜವಾದ ಕೆಲಸವಾಗಿ ಮಾರ್ಪಡುತ್ತದೆಂದು ಸಮೀಕ್ಷೆಯಿಂದ ತಿಳಿದು, ಆ ಪ್ರಮಾಣದಿಂದ ಅನುಮತಿಗಳನ್ನು ಆರಂಭಗಳಾಗಿ ಪರಿವರ್ತಿಸುವುದು ಅದರ ತಿರುಳು. ಇದನ್ನೇ ತಾವು ಸಣ್ಣದಾಗಿ ಮಾಡಬಹುದು: ತಮ್ಮಲ್ಲಿ ಕಬ್ಬಿಣ ಕೊಂಡ ಮೂವತ್ತು ನಲವತ್ತು ಗಿರಾಕಿಗಳನ್ನು ನಕ್ಷೆ ಎಂದು ಸಿಕ್ಕಿತು, ಪಾಯ ಎಂದು ತೆಗೆದಿರಿ ಎಂದು ಕೇಳಿ ಬರೆದಿಟ್ಟುಕೊಂಡರೆ ಸಾಕು.

ಸಂಖ್ಯೆಯ ಬದಲು ವಿಸ್ತೀರ್ಣವನ್ನು ಕೇಳಿ ಪಡೆಯಿರಿ. ಹನ್ನೆರಡು ತಿಂಗಳ ಚಲಿಸುವ ಮೊತ್ತವನ್ನು, ಅಂದರೆ ಪ್ರತಿ ತಿಂಗಳಿಗೂ ಅಲ್ಲಿಯವರೆಗಿನ ಹನ್ನೆರಡು ತಿಂಗಳ ಒಟ್ಟನ್ನು, ನೋಡಿದರೆ ಆಷಾಢ, ಧನುರ್ಮಾಸ, ಮಾರ್ಚಿನ ಆತುರ ಎಲ್ಲವೂ ಬಹುಮಟ್ಟಿಗೆ ಅಡಗುತ್ತವೆ. ಅಧಿಕ ಮಾಸ ಮಾತ್ರ ಪೂರ್ತಿ ಅಡಗುವುದಿಲ್ಲ, ಏಕೆಂದರೆ ಅದು ಪ್ರತಿ ವರ್ಷ ಬರುವುದಿಲ್ಲ. ಎಂಟು ಮೂಲ ಕೈಗಾರಿಕೆಗಳ ಸೂಚ್ಯಂಕದಲ್ಲಿ ಸಿಮೆಂಟಿನ ಅಂಕಿ ತಿಂಗಳು ತಿಂಗಳೂ ಬರುತ್ತದಾದರೂ ಅದು ಇಡೀ ದೇಶದ ಉತ್ಪಾದನೆ. ಬೆಂಗಳೂರಿನ ಒಂದು ಮೂಲೆಯ ಬೇಡಿಕೆಯನ್ನು ಅದರಿಂದ ಊಹಿಸಲಾಗದು. ನಿರ್ಮಾಣಕ್ಕೆಂದು ಕೊಡುವ ತಾತ್ಕಾಲಿಕ ವಿದ್ಯುತ್ ಸಂಪರ್ಕಗಳ ಸಂಖ್ಯೆ ಒಂದು ಕಾಲಕ್ಕೆ ಒಳ್ಳೆಯ ಸೂಚಕವಾಗಿತ್ತು. ಸ್ವಾಧೀನಾನುಭವ ಪತ್ರವಿಲ್ಲದೆ (ಕಟ್ಟಿ ಮುಗಿದ ಮನೆಯಲ್ಲಿ ವಾಸಿಸಬಹುದೆಂದು ಪಾಲಿಕೆ ಕೊಡುವ ಪತ್ರ) ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ತೀರ್ಪು ನೀಡಿದ ಮೇಲೆ, ಕಟ್ಟಿ ಮುಗಿದ ಮನೆಗಳೂ ತಾತ್ಕಾಲಿಕ ಸಂಪರ್ಕದಲ್ಲೇ ಉಳಿದುಕೊಂಡದ್ದರಿಂದ ಆ ಲೆಕ್ಕವೂ 2025ರಲ್ಲಿ ಕಲಸಿಹೋಗಿದೆ.

2025ರ ಸೆಪ್ಟೆಂಬರನ್ನು ಮಾತ್ರ ಯಾವ ಲೆಕ್ಕಕ್ಕೂ ಹಿಡಿಯಬೇಡಿ ಎಂಬುದು ನನ್ನ ಸಲಹೆ. ಆಗಸ್ಟ್ 31ರಿಂದ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಸೆಪ್ಟೆಂಬರ್ 2ರಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದು, ಹಳೆಯ ಎಂಟು ವಲಯಗಳ ಗಡಿಗಳು ಮರೆಯಾದವು. ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯುತ್ತದೆಂದು 3ರಂದು ಪ್ರಕಟವಾಗಿ 22ರಂದು ಜಾರಿಗೆ ಬಂತು. ಇವುಗಳ ನಡುವೆ ಪಿತೃಪಕ್ಷ ಹಾದುಹೋಗಿ 21ರಂದು ಮಹಾಲಯ ಅಮಾವಾಸ್ಯೆಯಾಯಿತು, 22ರಂದು ನವರಾತ್ರಿ ಆರಂಭವಾಯಿತು. ಆ ಮೂರು ವಾರ ತಮ್ಮ ಅಂಗಡಿ ಖಾಲಿ ಕುಳಿತಿದ್ದರೆ ಅದು ತೆರಿಗೆ ಇಳಿಯಲೆಂದೋ, ಪಕ್ಷ ಮುಗಿಯಲೆಂದೋ, ಮಳೆ ನಿಲ್ಲಲೆಂದೋ ಬೇರ್ಪಡಿಸಿ ಹೇಳುವ ವಿದ್ಯೆ ನಮ್ಮ ಶಾಸ್ತ್ರದಲ್ಲಿ ಇಲ್ಲ. ಅಲ್ಲಿಂದ ಮುಂದೆ ಬರುವ ಪಾಲಿಕೆವಾರು ಅಂಕಿಗಳನ್ನು ಹಿಂದಿನ ವಲಯವಾರು ಅಂಕಿಗಳಿಗೆ ಅಂಟಿಸಿ ಒಂದೇ ಗೆರೆ ಎಳೆಯುವುದೂ ಸರಿಯಲ್ಲ. ವಾರ್ಡುಗಳನ್ನು ಹಿಡಿದು ಮತ್ತೆ ಕೂಡಿಸಬೇಕಾಗುತ್ತದೆ. ಮೇಲಾಗಿ ಬಿ ಖಾತಾವನ್ನು ಎ ಖಾತಾಗೆ ಬದಲಾಯಿಸಿಕೊಳ್ಳುವ ಅವಕಾಶವನ್ನು ಅದೇ ವರ್ಷದ ನವೆಂಬರಿನಿಂದ ಸರ್ಕಾರ ತೆರೆದಿರುವುದರಿಂದ, ಮುಂದೆ ಮಂಜೂರಾತಿಗಳು ಏರಿದರೂ ಒಂದು ಇಟ್ಟಿಗೆಯಷ್ಟೂ ಹೊಸ ಕೆಲಸ ಹೆಚ್ಚಿರಬೇಕೆಂದಿಲ್ಲ.

‘ಕೆಂಗೇರಿ ಅಂಗಡಿ’

ಮೂವರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಕುಳಿತು ಕಬ್ಬಿಣದ ಬಿಲ್ಲುಗಳನ್ನು ಬೇರ್ಪಡಿಸಿ ಚಾಂದ್ರಮಾಸಗಳಿಗೆ ಹಂಚಿ ನೋಡಿದೆ. ಮೂರು ಶ್ರಾವಣಗಳೂ ಈಗ ಒಂದರ ಪಕ್ಕ ಒಂದು ಸರಿಯಾಗಿ ಕುಳಿತಿವೆ. ತಂದೆಯವರಿಗೆ ತೋರಿಸಿದಾಗ, ‘ಇದನ್ನು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಬೇಕಿತ್ತೇ’ ಎಂದು ಕೇಳಿದರು. ಒಂದು ಸಂದೇಹ ಉಳಿದಿದೆ: 2026ರಲ್ಲೂ ಅಧಿಕ ಮಾಸವಿದೆಯಲ್ಲ, ಸರಕಿನ ವಿಚಾರದಲ್ಲಿ ಹೇಗೆ ನಡೆದುಕೊಳ್ಳಬೇಕು?

‘ಹನ್ನೆರಡು ಚದರ’

ಅಧಿಕ ಜ್ಯೇಷ್ಠವು ಮೇ 17ರಿಂದ ಜೂನ್ 15ರವರೆಗೆ ಇದೆ. ಅನಂತರ ನಿಜ ಜ್ಯೇಷ್ಠ ಜುಲೈ ಮಧ್ಯದವರೆಗೆ, ಅದರ ಬೆನ್ನಿಗೇ ಆಷಾಢ ಆಗಸ್ಟ್ 12ರ ಸುಮಾರಿನವರೆಗೆ. ನಡುವಿನ ಆ ಒಂದು ತಿಂಗಳಲ್ಲಿ ಕೆಲವರು ಪಾಯ ತೆಗೆಯಬಹುದು, ಆದರೆ ಶಾಸ್ತ್ರ ಹೆಚ್ಚು ನೋಡುವವರು ಮನೆಯ ಆರಂಭಕ್ಕೆ ಜ್ಯೇಷ್ಠವನ್ನೂ ಬಿಡುತ್ತಾರೆ. ಹಾಗಾಗಿ ಅಕ್ಷಯ ತೃತೀಯದ ಆಸುಪಾಸಿನಲ್ಲೇ ಬಹಳಷ್ಟು ಪೂಜೆಗಳು ಮುಗಿದುಹೋಗುತ್ತವೆಂದು ನನ್ನ ಎಣಿಕೆ. ಆ ಕೆಲಸಗಳ ಕಂಬ ಮತ್ತು ಮೋಲ್ಡ್‌ಗಳು ಅಧಿಕ ಮಾಸದಲ್ಲೇ ನಡೆಯುತ್ತವೆ. ಏಪ್ರಿಲಿನಲ್ಲಿಯೇ ಕಬ್ಬಿಣ ತರಿಸಿಟ್ಟುಕೊಳ್ಳಿ, ಅದು ಕಾಯುತ್ತದೆ. ಸಿಮೆಂಟನ್ನು ಮಾತ್ರ ವಾರ ವಾರವೇ ತರಿಸಿ, ಮೂರು ತಿಂಗಳು ಗೋದಾಮಿನಲ್ಲಿ ಕುಳಿತ ಚೀಲವನ್ನು ನಾನಂತೂ ಕೊಳ್ಳುವುದಿಲ್ಲ.