ಒಂದೇ ಕೋಡ್, ಎರಡು ಗಣಕ, ಎರಡು ಉತ್ತರ: ಆರ್ ತಂತ್ರಾಂಶದಲ್ಲಿ ತಪ್ಪು ಹುಡುಕುವುದು ಎಲ್ಲಿಂದ?

ಪ್ರಶ್ನೆ — ಪುಣೆಯಿಂದ, ಅರ್ಥಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಕಲಬುರಗಿ, ವಿಜಯಪುರದ ಕಡೆಯಿಂದ ಪಿಂಪ್ರಿ-ಚಿಂಚವಡಕ್ಕೆ ದುಡಿಯಲು ಬಂದ ಕುಟುಂಬಗಳ ತಿಂಗಳ ಖರ್ಚಿಗೂ ಅವರ ಮಕ್ಕಳ ಶಾಲಾ ಹಾಜರಿಗೂ ಇರುವ ಸಂಬಂಧವನ್ನು ತಿಳಿಯಲು ಮನೆಮನೆ ಸಮೀಕ್ಷೆ ನಡೆಸಿದ್ದೇನೆ. ಮಾಹಿತಿಯನ್ನು ಎಕ್ಸೆಲ್‌ನಲ್ಲಿ ತುಂಬಿ, ಸಿಎಸ್‌ವಿ (ಸರಳ ಪಠ್ಯರೂಪದ ಕೋಷ್ಟಕ) ಕಡತವಾಗಿ ಉಳಿಸಿ, ಸಂಖ್ಯಾಶಾಸ್ತ್ರದ ತಂತ್ರಾಂಶವಾದ ಆರ್‌ನಲ್ಲಿ ರಿಗ್ರೆಶನ್ (ಒಂದು ಅಂಶ ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ) ಮಾಡುತ್ತಿದ್ದೇನೆ. ವಿಭಾಗದ ಹಳೆಯ ಗಣಕದಲ್ಲಿ ಆರ್ 3.5 ಇದೆ; ಅಲ್ಲಿ ಯಾವ ತಕರಾರೂ ಇಲ್ಲದೆ ಉತ್ತರ ಬರುತ್ತದೆ, ಖರ್ಚು ಹೆಚ್ಚಿದಷ್ಟೂ ಹಾಜರಿ ಕಡಿಮೆ ಎನ್ನುತ್ತದೆ. ನನ್ನ ಹೊಸ ಲ್ಯಾಪ್‌ಟಾಪ್‌ನಲ್ಲಿ ಆರ್ 4.3 ಇದೆ, ಅದೇ ಕಡತ, ಅದೇ ಕೋಡ್ ಅಲ್ಲಿ ‘ಎನ್‌ಎಸ್ ಇಂಟ್ರೊಡ್ಯೂಸ್ಡ್ ಬೈ ಕೊಅರ್ಷನ್’ (ಬದಲಿಸುವಾಗ ಕೆಲವು ಜಾಗ ಖಾಲಿಯಾದವು) ಎಂಬ ಎಚ್ಚರಿಕೆ ಕೊಟ್ಟು, ಖರ್ಚಿಗೂ ಹಾಜರಿಗೂ ಸಂಬಂಧವೇ ಇಲ್ಲ ಎನ್ನುತ್ತದೆ. ಹಳೆಯ ಗಣಕದಲ್ಲಿ ಯಾವ ದೂರೂ ಬಾರದ ಕಾರಣ ಅದರ ಉತ್ತರವನ್ನೇ ಇಟ್ಟುಕೊಳ್ಳಬಹುದೇ? ಇಂಥ ಸಂದರ್ಭದಲ್ಲಿ ನೀವೆಲ್ಲ ತಪ್ಪನ್ನು ಎಲ್ಲಿಂದ ಹುಡುಕಲು ಆರಂಭಿಸುತ್ತೀರಿ? ನಿಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಮುಂಬಯಿಯಿಂದ, ಜನಸಂಖ್ಯಾ ಅಧ್ಯಯನದಲ್ಲಿ ಇರುವವರು

ಹಳೆಯ ಗಣಕದ ಉತ್ತರವನ್ನು ಇಟ್ಟುಕೊಳ್ಳಬೇಡಿ. ಹೊಸದನ್ನೂ ಸದ್ಯಕ್ಕೆ ನಂಬಬೇಡಿ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಎರಡೂ ತಪ್ಪಿರುವಂತಿದೆ.

ಕಾರಣ ಹೀಗಿರಬೇಕು. ನಿಮ್ಮ ಖರ್ಚಿನ ಕಾಲಂನಲ್ಲಿ ಕೆಲವರು 9500 ಎಂದೂ ಕೆಲವರು 12,500 ಎಂದು ಅಲ್ಪವಿರಾಮ ಹಾಕಿಯೂ ತುಂಬಿರುತ್ತಾರೆ. ಅಂಥ ಒಂದೇ ಒಂದು ಬೆಲೆ (ಅಂದರೆ ಕಾಲಂನಲ್ಲಿ ತುಂಬಿದ ಮೌಲ್ಯ) ಇದ್ದರೂ ಸಾಕು, ಆರ್ ಆ ಇಡೀ ಕಾಲಂ ಅನ್ನು ಸಂಖ್ಯೆಯೆಂದು ಓದದೆ ಪಠ್ಯವೆಂದು ಓದುತ್ತದೆ. 2020ರ ಏಪ್ರಿಲ್‌ನಲ್ಲಿ ಬಂದ ಆರ್ 4.0.0ಕ್ಕಿಂತ ಮೊದಲು, ಸಿಎಸ್‌ವಿ ಓದುವಾಗ ಸಿಕ್ಕ ಪಠ್ಯವನ್ನೆಲ್ಲ ಅದು ತಾನಾಗಿಯೇ ‘ಫ್ಯಾಕ್ಟರ್’ ಆಗಿ ಬದಲಿಸುತ್ತಿತ್ತು; ಅಂದರೆ ಕಾಲಂನಲ್ಲಿರುವ ಬೇರೆಬೇರೆ ಬೆಲೆಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿ, ಒಂದೊಂದಕ್ಕೂ 1, 2, 3 ಎಂದು ಕ್ರಮಸಂಖ್ಯೆ ಕೊಡುತ್ತಿತ್ತು. ಅದರ ಮೇಲೆ ನೀವು ಸಂಖ್ಯೆಯಾಗಿ ಬದಲಿಸುವ ‘ಆ್ಯಸ್ ನ್ಯೂಮೆರಿಕ್’ ಆಜ್ಞೆ ಹಾಕಿದರೆ ಕೈಗೆ ಬರುವುದು ರೂಪಾಯಿಯಲ್ಲ, ಆ ಕ್ರಮಸಂಖ್ಯೆ. ಅಕ್ಷರಕ್ರಮದಲ್ಲಿ 10,500 ಮತ್ತು 12,500 ಮೊದಲು ಬರುತ್ತವೆ, 4500 ಆಮೇಲೆ, 9500 ಕೊನೆಗೆ. ಹೀಗೆ ಹೆಚ್ಚು ಖರ್ಚು ಮಾಡುವ ಮನೆಗಳಿಗೆ ಅತಿ ಚಿಕ್ಕ ಸಂಖ್ಯೆ ಸಿಕ್ಕು, ಸಂಬಂಧ ತಲೆಕೆಳಗಾಗಿದೆ. ಇಷ್ಟೆಲ್ಲ ನಡೆದರೂ ತಂತ್ರಾಂಶ ಒಂದು ಮಾತೂ ಆಡುವುದಿಲ್ಲ, ಏಕೆಂದರೆ ಅದರ ದೃಷ್ಟಿಯಲ್ಲಿ ನೀವು ಕೇಳಿದ್ದನ್ನೇ ಅದು ಕೊಟ್ಟಿದೆ.

ಹೊಸ ಆವೃತ್ತಿಯಲ್ಲಿ ಪಠ್ಯ ಪಠ್ಯವಾಗಿಯೇ ಉಳಿಯುತ್ತದೆ. ಅದನ್ನು ಸಂಖ್ಯೆ ಮಾಡಲು ಹೊರಟಾಗ 9500 ಸರಿಯಾಗಿ ಬರುತ್ತದೆ, 12,500 ಮಾತ್ರ ‘ಎನ್‌ಎ’, ಅಂದರೆ ಬೆಲೆಯಿಲ್ಲದ ಖಾಲಿ ಜಾಗ, ಆಗುತ್ತದೆ. ನೀವು ಕಂಡ ಎಚ್ಚರಿಕೆ ಅದರದೇ. ಅನಂತರ ರಿಗ್ರೆಶನ್ ಆ ಸಾಲುಗಳನ್ನು ಬಿಟ್ಟುಬಿಡುತ್ತದೆ. ಬಿಟ್ಟುಹೋಗುವ ಮನೆಗಳು ಬಹುಪಾಲು ಐದಂಕಿ ಖರ್ಚಿನವು ಎಂಬುದನ್ನು ಗಮನಿಸಿ. ಉಳಿದವು ಒಂದೇ ಬಗೆಯ ಮನೆಗಳಾದ್ದರಿಂದ ಸಂಬಂಧ ಕಾಣದಿರುವುದು ಸಹಜ. ಫಲಿತಾಂಶದ ಸಾರಾಂಶದಲ್ಲಿ, ಕೆಳಗೆ, ಇಷ್ಟು ಸಾಲುಗಳನ್ನು ಕೈಬಿಡಲಾಗಿದೆ ಎಂಬ ಒಂದು ಸಣ್ಣ ಸಾಲು ಇರುತ್ತದೆ. ಸಂಬಂಧ ಎಷ್ಟು ಗಟ್ಟಿ ಎಂದು ಸೂಚಿಸುವ ನಕ್ಷತ್ರ ಚಿಹ್ನೆಗಳನ್ನು ನೋಡುವ ಮೊದಲು ಅದನ್ನು ಓದಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಪರೀಕ್ಷಿಸುವುದು ಸುಲಭ. ಕಡತ ಓದಿದ ಕೂಡಲೇ ‘ಎಸ್‌ಟಿಆರ್’ ಆಜ್ಞೆ ಕೊಟ್ಟು, ಪ್ರತಿ ಕಾಲಂ ಸಂಖ್ಯೆಯೋ ಪಠ್ಯವೋ ಫ್ಯಾಕ್ಟರೋ ಎಂದು ನೋಡಿ. ಬಳಿಕ ಸಂಖ್ಯೆಯಾಗಿ ಬದಲಾಗದ ಬೆಲೆಗಳನ್ನಷ್ಟೇ ಆಯ್ದು ಪರದೆಯ ಮೇಲೆ ತೆಗೆಯಿರಿ. ಆ ಪಟ್ಟಿ ನೋಡಿದರೆ ಯಾರು ಏನು ತುಂಬಿದ್ದಾರೆ ಎಂಬುದು ತಾನಾಗಿ ತಿಳಿಯುತ್ತದೆ. ಅಲ್ಪವಿರಾಮವನ್ನು ‘ಜಿಸಬ್’ ಮೂಲಕ ತೆಗೆದುಹಾಕಿ, ಆಮೇಲೆ ಸಂಖ್ಯೆ ಮಾಡಿ. ‘ರೀಡ್‌ಆರ್’ ಪ್ಯಾಕೇಜಿನ (ಆರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಆಜ್ಞೆಗಳ ಕಟ್ಟು) ‘ಪಾರ್ಸ್ ನಂಬರ್’ ನಮ್ಮ 1,25,000ದಂಥ ಲಕ್ಷದ ಬರವಣಿಗೆಯನ್ನೂ ಓದಿಕೊಳ್ಳುತ್ತದೆ, ಆದರೆ ‘8000-9000’ ಎಂದು ತುಂಬಿದ ಕಡೆ ಮೊದಲ ಸಂಖ್ಯೆಯನ್ನು ಮಾತ್ರ ತೆಗೆದುಕೊಂಡು ಮುಂದೆ ಹೋಗುತ್ತದೆ. ಆದ್ದರಿಂದ ಪಟ್ಟಿ ನೋಡದೆ ಅದನ್ನು ಬಳಸುವುದು ನನಗೆ ಸರಿ ಕಾಣುವುದಿಲ್ಲ.

ದೊಡ್ಡ ಸಮೀಕ್ಷೆಗಳಲ್ಲೂ ಇಂಥದ್ದೇ ತೊಡಕುಗಳಿವೆ. ದೇವನಾರದ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸಿದ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮಹಿಳೆಯರ ಕಡತವನ್ನು ತೆರೆದರೆ, ಅದರಲ್ಲಿ ಸ್ಯಾಂಪಲ್ ತೂಕದ (ದೇಹದ ತೂಕವಲ್ಲ, ಲೆಕ್ಕದಲ್ಲಿ ಪ್ರತಿ ಉತ್ತರಕ್ಕೆ ಕೊಡುವ ಮಹತ್ವದ) ಕಾಲಂ ಅನ್ನು ಹತ್ತು ಲಕ್ಷದಿಂದ ಭಾಗಿಸಿಕೊಳ್ಳಬೇಕು. ದೇಹದ ದ್ರವ್ಯರಾಶಿ ಸೂಚ್ಯಂಕಕ್ಕೆ ಎರಡು ದಶಾಂಶ ಸ್ಥಾನ ಅಡಗಿದ್ದು, 2150 ಎಂದರೆ 21.50, ಅದೇ ಕಾಲಂನಲ್ಲಿ ಕಾಣುವ 9998 ಅಳತೆಯಲ್ಲ, ಆ ಅಳತೆ ನಂಬುವಂತಿಲ್ಲ ಎಂಬ ಗುರುತು. ಅದನ್ನು ತೆಗೆಯದೆ ಸರಾಸರಿ ಕಂಡುಹಿಡಿದವರಿಗೆ ಯಾವ ತಂತ್ರಾಂಶವೂ ದೋಷ ಸಂದೇಶ ಕೊಡುವುದಿಲ್ಲ. ಹೀಗಾಗಿ ಪ್ರತಿ ಕಾಲಂನ ಅತಿ ಚಿಕ್ಕ ಮತ್ತು ಅತಿ ದೊಡ್ಡ ಬೆಲೆಯನ್ನು ನೋಡುವುದು, ಸೋಸಿದ ಅಥವಾ ಎರಡು ಕಡತ ಜೋಡಿಸಿದ ಪ್ರತಿ ಹೆಜ್ಜೆಯ ಬಳಿಕ ಸಾಲುಗಳನ್ನು ಎಣಿಸುವುದು, ಇವೆರಡನ್ನು ನಾನು ಕೋಡ್‌ನೊಳಗೇ ಬರೆದಿಡುತ್ತೇನೆ.

ಠಾಣೆಯಿಂದ, ಔಷಧ ಪ್ರಯೋಗಗಳ ದತ್ತಾಂಶ ನೋಡಿಕೊಳ್ಳುವವರು

ಮೇಲಿನವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ನಮ್ಮ ಕೆಲಸ ಹೆಚ್ಚಾಗಿ ಸ್ಯಾಸ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ನಡೆಯುತ್ತದೆ. ಅದರ ಲಾಗ್‌ನಲ್ಲಿ (ಕೋಡ್ ನಡೆದ ದಾಖಲೆಯಲ್ಲಿ) ದೋಷ ಕೆಂಪು ಬಣ್ಣದಲ್ಲಿಯೂ ಎಚ್ಚರಿಕೆ ಹಸಿರಿನಲ್ಲಿಯೂ ಸೂಚನೆ ನೀಲಿಯಲ್ಲಿಯೂ ಕಾಣುತ್ತದೆ. ಹೊಸಬರು ಕೆಂಪನ್ನು ಹುಡುಕುತ್ತಾರೆ, ಅದು ಇಲ್ಲದಿದ್ದರೆ ಕೆಲಸ ಮುಗಿಯಿತೆಂದು ಎದ್ದುಹೋಗುತ್ತಾರೆ. ಆದರೆ ಎರಡು ಕಡತಗಳನ್ನು ಜೋಡಿಸುವಾಗ ಎರಡರಲ್ಲೂ ಒಂದೇ ರೋಗಿಯ ಸಾಲು ಮತ್ತೆ ಮತ್ತೆ ಬಂದಿದೆ ಎಂಬ ಮಾತನ್ನು ಸ್ಯಾಸ್ ಹೇಳುವುದು ಕೇವಲ ನೀಲಿ ಸೂಚನೆಯಾಗಿ. ಜೋಡಣೆ ಕೆಟ್ಟಿರುವುದು ಬಹುಪಾಲು ಅಲ್ಲಿಯೇ. ಪಠ್ಯವನ್ನು ಸಂಖ್ಯೆಯಾಗಿ ಬದಲಿಸಲಾಗಿದೆ ಎಂಬುದೂ, ಬೆಲೆಯೇ ಇಲ್ಲದ ಚರವನ್ನು ಬಳಸಲಾಗಿದೆ ಎಂಬುದೂ ಅದೇ ನೀಲಿಯಲ್ಲಿ ಬರುತ್ತವೆ.

ಇನ್ನೊಂದು ವಿಷಯ, ಬಿಟ್ಟುಹೋದ ಬೆಲೆಗಳ ಹೋಲಿಕೆ. ಸ್ಯಾಸ್‌ನಲ್ಲಿ ಬಿಟ್ಟುಹೋದ ಬೆಲೆ ಎಲ್ಲ ಸಂಖ್ಯೆಗಳಿಗಿಂತ ಚಿಕ್ಕದು, ಅಂಥದೇ ಇನ್ನೊಂದು ತಂತ್ರಾಂಶವಾದ ಸ್ಟಾಟಾದಲ್ಲಿ ಎಲ್ಲ ಸಂಖ್ಯೆಗಳಿಗಿಂತ ದೊಡ್ಡದು. ವಯಸ್ಸು 18ಕ್ಕಿಂತ ಕಡಿಮೆ ಇರುವವರನ್ನು ಆರಿಸಿದರೆ ಸ್ಯಾಸ್ ವಯಸ್ಸೇ ಬರೆಯದವರನ್ನೂ ಒಳಗೆ ಸೇರಿಸುತ್ತದೆ. ಆದಾಯ 50,000ಕ್ಕಿಂತ ಹೆಚ್ಚಿರುವವರನ್ನು ಕೇಳಿದರೆ ಸ್ಟಾಟಾ ಆದಾಯ ಹೇಳದವರನ್ನು ಶ್ರೀಮಂತರೆಂದು ಎಣಿಸುತ್ತದೆ. ಆರ್‌ನಲ್ಲಿ ಆ ಹೋಲಿಕೆಯ ಉತ್ತರವೇ ‘ಎನ್‌ಎ’ ಆಗಿ, ಚೌಕ ಆವರಣ ಬಳಸಿ ಸೋಸಿದರೆ ಎಲ್ಲ ಕಾಲಂಗಳೂ ಖಾಲಿಯಿರುವ ಪೊಳ್ಳು ಸಾಲುಗಳು ನಿಲ್ಲುತ್ತವೆ. ನಿಮ್ಮ ಗೈಡ್ ಸ್ಟಾಟಾ ಬಳಸುವವರಾಗಿದ್ದು, ನೀವು ಆರ್‌ನಲ್ಲಿ ಅದೇ ಲೆಕ್ಕವನ್ನು ಮಾಡಿ ತೋರಿಸಬೇಕಾದಲ್ಲಿ, ಸಾಲುಗಳ ಸಂಖ್ಯೆ ಮೊದಲು ತಪ್ಪುವುದು ಇಲ್ಲಿ.

ಗೋವೆಯಿಂದ, ಕಡಲ ಜೀವಿಗಳ ಅಧ್ಯಯನದಲ್ಲಿ ಇರುವವರು

ಎರಡು ಗಣಕಗಳಲ್ಲಿ ಎರಡು ಉತ್ತರ ಬಂದಾಗ ನಾನು ಮೊದಲು ಕೇಳುವುದು ‘ಸೆಶನ್ ಇನ್ಫೊ’. ಆರ್‌ನ ಆವೃತ್ತಿ, ಪ್ಯಾಕೇಜ್‌ಗಳ ಆವೃತ್ತಿ, ಗಣಕದ ಭಾಷಾ ಹೊಂದಿಕೆ ಎಲ್ಲವೂ ಅದರಲ್ಲಿ ಸಿಗುತ್ತವೆ. ಭಾಷಾ ಹೊಂದಿಕೆಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಆದರೆ ಅಕ್ಷರಕ್ರಮ ಅದನ್ನು ಅವಲಂಬಿಸಿದೆ. ದೊಡ್ಡಕ್ಷರ, ಸಣ್ಣಕ್ಷರ ಬೆರೆತ ಹೆಸರುಗಳಿದ್ದರೆ ಒಂದು ಗಣಕದಲ್ಲಿ ಮೊದಲು ಬಂದ ವರ್ಗ ಇನ್ನೊಂದರಲ್ಲಿ ಆಮೇಲೆ ಬರಬಹುದು. ಮೊದಲ ವರ್ಗವೇ ರಿಗ್ರೆಶನ್‌ನ ಆಧಾರ ವರ್ಗ (ಉಳಿದವನ್ನು ಹೋಲಿಸಿ ನೋಡುವ ವರ್ಗ) ಆಗುವುದರಿಂದ ಗುಣಾಂಕಗಳೆಲ್ಲ ಬದಲಾದಂತೆ ಕಾಣುತ್ತದೆ. ಆಧಾರ ವರ್ಗವನ್ನು ನೀವೇ ಹೆಸರಿಸಿಬಿಡಿ.

ಯಾದೃಚ್ಛಿಕ ಆಯ್ಕೆ ಇರುವ ಕಡೆ ಮತ್ತೊಂದು ಬದಲಾವಣೆಯಿದೆ. ಯಾದೃಚ್ಛಿಕ ಆಯ್ಕೆ ಪ್ರತಿ ಸಲ ಒಂದೇ ಬಗೆಯಾಗಿ ಬರುವಂತೆ ಕೊಡುವ ‘ಸೆಟ್ ಸೀಡ್’ ಸಂಖ್ಯೆ ಒಂದೇ ಇದ್ದರೂ 2019ರ ಆರ್ 3.6.0ಕ್ಕಿಂತ ಹಿಂದಿನ ಆವೃತ್ತಿ ಮತ್ತು ಈಗಿನದು ‘ಸ್ಯಾಂಪಲ್’ ಆಜ್ಞೆಗೆ ಬೇರೆಬೇರೆ ಸಾಲುಗಳನ್ನು ಕೊಡುತ್ತವೆ. ಹಳೆಯ ವಿಧಾನದಲ್ಲಿ ದೊಡ್ಡ ಸಮೂಹದಿಂದ ಆರಿಸುವಾಗ ಎಲ್ಲರಿಗೂ ಸಮಾನ ಅವಕಾಶ ಇರಲಿಲ್ಲವಾದ್ದರಿಂದ ಅದನ್ನು ಬದಲಿಸಿದರು. ಹಳೆಯ ಪ್ರಬಂಧದ ಫಲಿತಾಂಶವನ್ನು ಮತ್ತೆ ಪಡೆಯಬೇಕಾದರೆ ಆಯ್ಕೆಯ ವಿಧಾನವನ್ನು ‘ರೌಂಡಿಂಗ್’ ಎಂದು ಸ್ಪಷ್ಟವಾಗಿ ಹೇಳಬೇಕು.

ಪ್ಯಾಕೇಜ್‌ಗಳು ಇಲ್ಲವಾಗುವುದೂ ಉಂಟು. ಮಾಂಡವಿ, ಜುವಾರಿ ನದಿಮುಖಗಳ ನಕ್ಷೆಗಾಗಿ ಬರೆದ ಹಳೆಯ ಕೋಡ್‌ಗಳಲ್ಲಿ ‘ಆರ್‌ಜಿಡಾಲ್’, ‘ಆರ್‌ಜಿಯೋಸ್’, ‘ಮ್ಯಾಪ್‌ಟೂಲ್ಸ್’ ಇರುತ್ತಿದ್ದವು. ಮೂರನ್ನೂ 2023ರ ಅಕ್ಟೋಬರ್‌ನಲ್ಲಿ ನಿವೃತ್ತಿಗೊಳಿಸಿದರು. ‘ನಿಮ್ಮ ಆರ್ ಆವೃತ್ತಿಗೆ ಈ ಪ್ಯಾಕೇಜ್ ಲಭ್ಯವಿಲ್ಲ’ ಎಂಬ ಸಂದೇಶ ಬಂದರೆ ಆರ್ ಅನ್ನು ಅಳಿಸಿ ಮತ್ತೆ ಹಾಕುವುದು ವ್ಯರ್ಥ; ಆ ಕೆಲಸವನ್ನು ಈಗ ‘ಎಸ್‌ಎಫ್’ ಮತ್ತು ‘ಟೆರಾ’ ಮಾಡುತ್ತವೆ. ನಮ್ಮಲ್ಲಿ ಮಳೆಗಾಲದಲ್ಲಿ ಪ್ಯಾಕೇಜ್ ಇಳಿಯುತ್ತಿರುವಾಗಲೇ ವಿದ್ಯುತ್ ಹೋಗುವುದು ಮಾಮೂಲು. ಆಮೇಲೆ ಎಷ್ಟು ಪ್ರಯತ್ನಿಸಿದರೂ ಲೈಬ್ರರಿಗೆ (ಪ್ಯಾಕೇಜ್‌ಗಳಿರುವ ಫೋಲ್ಡರಿಗೆ) ಬೀಗ ಬಿದ್ದಿದೆ ಎನ್ನುತ್ತದೆ. ಆ ಲೈಬ್ರರಿಯ ಒಳಗೆ ‘00ಲಾಕ್’ ಎಂದು ಆರಂಭವಾಗುವ ಫೋಲ್ಡರ್ ಉಳಿದಿರುತ್ತದೆ, ಅದನ್ನು ಅಳಿಸಿದರೆ ಸಾಕು.

ಹಿಂಜವಡಿಯಿಂದ, ಡೇಟಾ ಅನಲಿಸ್ಟ್

ಚಿಕ್ಕದಾಗಿ ಹೇಳುತ್ತೇನೆ. ಯಾವುದೇ ಪರೀಕ್ಷೆಗೆ ಮೊದಲು ಆರ್ ಅನ್ನು ಖಾಲಿ ಸ್ಥಿತಿಯಿಂದ ಮರುಪ್ರಾರಂಭಿಸಿ, ಮುಚ್ಚುವಾಗ ಕಾರ್ಯಸ್ಥಳವನ್ನು (ಆ ಹೊತ್ತಿಗೆ ನೆನಪಿನಲ್ಲಿರುವ ಚರಗಳನ್ನೆಲ್ಲ) ಉಳಿಸುವ ಆಯ್ಕೆಯನ್ನು ಶಾಶ್ವತವಾಗಿ ತೆಗೆದುಹಾಕಿ. ವಿಭಾಗದ ಗಣಕವನ್ನು ಹಲವರು ಬಳಸುತ್ತಿದ್ದರೆ, ಹಿಂದಿನವರು ಬಿಟ್ಟುಹೋದ ಚರವೊಂದು ನಿಮ್ಮ ಕೋಡ್‌ಗೆ ಸದ್ದಿಲ್ಲದೆ ಸೇರಿಕೊಳ್ಳಬಹುದು. ದೋಷ ಬಂದ ಕೂಡಲೇ ‘ಟ್ರೇಸ್‌ಬ್ಯಾಕ್’ ಕೊಟ್ಟರೆ ಯಾವ ಆಜ್ಞೆಯೊಳಗೆ ಸಿಕ್ಕಿಕೊಂಡಿದೆ ಎಂಬುದು ತಿಳಿಯುತ್ತದೆ. ಎಚ್ಚರಿಕೆಯ ಮಟ್ಟವನ್ನು 2ಕ್ಕೆ ಏರಿಸಿದರೆ ಪ್ರತಿ ಎಚ್ಚರಿಕೆಯೂ ದೋಷವಾಗಿ, ಕೋಡ್ ಅಲ್ಲಿಯೇ ನಿಲ್ಲುತ್ತದೆ; ನಿಮ್ಮ ಸಮಸ್ಯೆಗೆ ಇದು ಹೇಳಿ ಮಾಡಿಸಿದಂತಿದೆ.

‘ಕ್ಲೋಶರ್’ ಎಂಬ ಪದವಿರುವ ವಿಚಿತ್ರ ದೋಷ ಬಂದರೆ ಹೆದರಬೇಡಿ. ‘ಡೇಟಾ’ ಅಥವಾ ‘ಡಿಎಫ್’ ಎಂಬ ಕೋಷ್ಟಕವನ್ನು ನೀವು ಇನ್ನೂ ಓದಿಯೇ ಇಲ್ಲ, ಅದೇ ಹೆಸರಿನ ಫಂಕ್ಷನ್ ಆರ್‌ನಲ್ಲಿ ಮೊದಲೇ ಇರುವುದರಿಂದ ಅದು ಗೊಂದಲಕ್ಕೊಳಗಾಗಿದೆ ಎಂದಷ್ಟೇ ಅದರ ಅರ್ಥ. ಹಾಗೆಯೇ ‘ಮಾಸ್’ ಪ್ಯಾಕೇಜನ್ನು ‘ಡಿಪ್ಲೈಆರ್’ ನಂತರ ತೆರೆದರೆ ಎರಡರಲ್ಲೂ ‘ಸೆಲೆಕ್ಟ್’ ಇರುವುದರಿಂದ ‘ಮಾಸ್’ನದು ‘ಡಿಪ್ಲೈಆರ್’ನದನ್ನು ಮರೆಮಾಡುತ್ತದೆ. ಪ್ಯಾಕೇಜಿನ ಹೆಸರನ್ನು ಮುಂದೆ ಸೇರಿಸಿ ಕರೆಯಿರಿ. ಇನ್ನೊಬ್ಬರ ನೆರವು ಕೇಳುವಾಗ ಇಡೀ ಕಡತ ಕಳುಹಿಸುವ ಬದಲು ಅದೇ ದೋಷ ಬರುವಂಥ ಐದಾರು ಕಾಲ್ಪನಿಕ ಸಾಲುಗಳನ್ನು ಮಾಡಿ ಕಳುಹಿಸಿ. ಸಮೀಕ್ಷೆಗೆ ಉತ್ತರ ಕೊಟ್ಟವರ ಮಾಹಿತಿ ಹೊರಗೆ ಹೋಗುವಂತಿಲ್ಲ. ಅದಲ್ಲದೆ, ಅಂಥ ಸಾಲುಗಳನ್ನು ಕಟ್ಟುವಾಗಲೇ ಅರ್ಧ ಉತ್ತರ ಸಿಕ್ಕಿರುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಮುಂಬಯಿಯವರು ಹೇಳಿದ ಪಟ್ಟಿಯನ್ನು ತೆಗೆದು ನೋಡಿದೆ. ಅಲ್ಪವಿರಾಮದ ಬೆಲೆಗಳು ಇದ್ದವು. ಅವುಗಳ ಜೊತೆಗೆ ಮರಾಠಿ ಮಾತೃಭಾಷೆಯ ಒಬ್ಬ ಗಣತಿದಾರರು ದೇವನಾಗರಿ ಅಂಕಿಗಳಲ್ಲಿ ತುಂಬಿದ ಬೆಲೆಗಳೂ ಸಿಕ್ಕವು. ಆರ್ ಅವುಗಳನ್ನು ಸಂಖ್ಯೆಯೆಂದು ಒಪ್ಪುವುದಿಲ್ಲವಾದ್ದರಿಂದ ‘ಸಿಎಚ್‌ಎಆರ್‌ಟಿಆರ್’ ಆಜ್ಞೆಯಿಂದ ಅಂಕಿಗೆ ಅಂಕಿ ಬದಲಿಸಿದೆ. ಈಗ ಒಂದು ಮನೆಯೂ ಬಿಟ್ಟುಹೋಗಿಲ್ಲ, ಖರ್ಚು ಹೆಚ್ಚಿದಂತೆ ಹಾಜರಿಯೂ ಹೆಚ್ಚುತ್ತದೆ, ಎರಡು ಗಣಕಗಳ ಉತ್ತರವೂ ಒಂದೇ. ಆದರೆ ಭೇಟಿಯ ದಿನಾಂಕದ ಕಾಲಂನಲ್ಲಿ 05/03/2023 ಎಂದಿದ್ದದ್ದು ‘0005-03-20’ ಎಂದು ಕಾಣುತ್ತಿದೆ. ಯಾವ ಎಚ್ಚರಿಕೆಯೂ ಇಲ್ಲ. ಇದೇನಿರಬಹುದು?

ಮುಂಬಯಿಯಿಂದ, ಮೊದಲು ಉತ್ತರಿಸಿದವರು

ಕ್ರಮವನ್ನು ನೀವು ಹೇಳದಿದ್ದರೆ, ಪಠ್ಯವನ್ನು ದಿನಾಂಕವಾಗಿ ಬದಲಿಸುವ ‘ಆ್ಯಸ್ ಡೇಟ್’ ಆಜ್ಞೆ ವರ್ಷ, ತಿಂಗಳು, ದಿನ ಎಂದೇ ಓದುತ್ತದೆ. ಆದ್ದರಿಂದ 05 ವರ್ಷವಾಯಿತು, 03 ತಿಂಗಳಾಯಿತು, 2023ರ ಮೊದಲ ಎರಡು ಅಂಕಿ ದಿನವಾಯಿತು, ಉಳಿದ 23 ಬಿದ್ದುಹೋಯಿತು. ದಿನ, ತಿಂಗಳು, ನಾಲ್ಕಂಕಿಯ ವರ್ಷ ಎಂಬ ಕ್ರಮವನ್ನು ‘ಫಾರ್ಮ್ಯಾಟ್’ ಎಂಬಲ್ಲಿ ಕೊಟ್ಟರೆ ಸರಿಯಾಗುತ್ತದೆ. ನಡುನಡುವೆ 45000ದಂಥ ಸಂಖ್ಯೆ ಕಂಡರೆ ಅದು ಎಕ್ಸೆಲ್‌ನ ದಿನಗಣನೆ. 1899ರ ಡಿಸೆಂಬರ್ 30ನ್ನು ಮೂಲ ದಿನವಾಗಿ ಕೊಟ್ಟರೆ 45000 ಎಂಬುದು 2023ರ ಮಾರ್ಚ್ 15 ಆಗುತ್ತದೆ.

ಇಷ್ಟಾದ ಮೇಲೆ ತಿಂಗಳುವಾರು ಭೇಟಿಗಳ ಎಣಿಕೆ ತೆಗೆದು ನೋಡಿ. ಕಡತವನ್ನು ಯಾರಾದರೂ ಅಮೆರಿಕದ ದಿನಾಂಕ ಹೊಂದಿಕೆಯಿರುವ ಎಕ್ಸೆಲ್‌ನಲ್ಲಿ ತೆರೆದು ಉಳಿಸಿದ್ದರೆ, 12ರವರೆಗಿನ ದಿನಗಳು ತಿಂಗಳುಗಳಾಗಿ ತಿರುಗಿ, 13ರಿಂದ ಮುಂದಿನವು ಪಠ್ಯವಾಗಿ ಹಾಗೆಯೇ ಉಳಿದಿರುತ್ತವೆ. ನೀವು ಮಾರ್ಚ್‌ನಲ್ಲಷ್ಟೇ ಸಮೀಕ್ಷೆ ಮಾಡಿದ್ದು, ಭೇಟಿಗಳು ಜನವರಿಯಿಂದ ಡಿಸೆಂಬರ್‌ವರೆಗೆ ಹರಡಿದಂತೆ ಕಂಡರೆ ಆಗಿರುವುದು ಅದೇ. ಅಂಥ ಸಾಲುಗಳನ್ನು ಕೋಡ್‌ನಲ್ಲಿ ಊಹಿಸಿ ತಿದ್ದಬೇಡಿ; ಕಾಗದದ ಫಾರಂ ತೆಗೆದು ಒಂದೊಂದನ್ನೂ ತಾಳೆ ನೋಡಿ ತಿದ್ದಿ, ಯಾವ ಸಾಲುಗಳನ್ನು ತಿದ್ದಿದ್ದೀರಿ ಎಂಬ ಪಟ್ಟಿಯನ್ನು ಕೋಡ್ ಇರುವ ಫೋಲ್ಡರಿನಲ್ಲಿಯೇ ಇಡಿ.